ಮೂರು ಸಲ ಉಳುಕಿದ ಕಾಲು, ನೋವಿಲ್ಲದ ಊತ

ಪ್ರಶ್ನೆ: ನನಗೆ 34 ವರ್ಷ. ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್ ಆಡುತ್ತೇನೆ. ಎರಡು ವರ್ಷದಲ್ಲಿ ಎಡಗಾಲು ಮೂರು ಸಲ ಉಳುಕಿದೆ. ಮೊದಲ ಸಲ ಎಕ್ಸ್‌ರೇ ತೆಗೆಸಿದಾಗ ಎಲುಬಿಗೆ ಏನೂ ಆಗಿಲ್ಲ ಅಂದರು. ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಹತ್ತು ದಿನ ವಿಶ್ರಾಂತಿ ತೆಗೆದುಕೊಂಡೆ. ನೋವು ಹೋಯಿತು. ಆದರೆ ಈಗ ಸಪಾಟಾದ ನೆಲದಲ್ಲಿ ನಡೆಯುವಾಗಲೂ ಕಾಲು ಇದ್ದಕ್ಕಿದ್ದಂತೆ ಹೊರಳಿದ ಹಾಗಾಗುತ್ತದೆ. ಆಪರೇಷನ್ ಬೇಕಾ? ಐದು ವರ್ಷದ ಮಗನ ಪಾದ ಚಪ್ಪಟೆ ಇದೆ. ಅವನಿಗೂ ಮುಂದೆ ಹೀಗೇ ಆಗುತ್ತದಾ? ಅಂದ ಹಾಗೆ, ನನ್ನ ಅಮ್ಮನಿಗೆ 67 ವರ್ಷ, 18 ವರ್ಷದಿಂದ ಶುಗರ್ ಇದೆ. ಹತ್ತು ದಿನದಿಂದ ಅವರ ಬಲಪಾದ ಊದಿಕೊಂಡು ಕೆಂಪಗಿದೆ. ಎಲ್ಲೋ ಉಳುಕಿರಬೇಕು ಅಂತಾರೆ, ನೋವೇನೂ ಇಲ್ಲವಂತೆ. ನನ್ನ ಕ್ರೇಪ್ ಬ್ಯಾಂಡೇಜನ್ನೇ ಕಟ್ಟಬಹುದಾ?

ಉತ್ತರ: "ಅಂದ ಹಾಗೆ" ಅಂತ ಕೊನೆಗೆ ಸೇರಿಸಿದ್ದೀರಲ್ಲ, ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಬ್ಯಾಂಡೇಜ್ ಕಟ್ಟಬೇಡಿ. ಅಮ್ಮನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬೀಳಬಾರದು. ಮನೆಯೊಳಗೆ ನಾಲ್ಕು ಹೆಜ್ಜೆ ತಾನೇ ಅಂತ ಅವರು ಹೇಳಬಹುದು. ಆ ನಾಲ್ಕು ಹೆಜ್ಜೆಯೂ ಬೇಡ.

ಉಳುಕಿದ ಕಾಲು ನೋಯಬೇಕು. ಹತ್ತು ದಿನ ಊದಿ ಕೆಂಪಾಗಿರುವ ಪಾದ ನೋಯುತ್ತಿಲ್ಲ ಅಂದರೆ ಅದು ಸಮಾಧಾನದ ವಿಷಯ ಅಲ್ಲ. ಬಹಳ ವರ್ಷ ಶುಗರ್ ಇದ್ದವರಲ್ಲಿ ಪಾದದ ನರಗಳು ಮೆಲ್ಲಗೆ ಸೋಲುತ್ತಾ ಬರುತ್ತವೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಎಲುಬು ಬಿರುಕು ಬಿಟ್ಟರೂ ಗೊತ್ತಾಗುವುದಿಲ್ಲ. ಇಂಥ ಪಾದದಲ್ಲಿ ಸಣ್ಣದೊಂದು ಏಟು ಬಿದ್ದು ಒಳಗೆ ಉರಿಯೂತ ಶುರುವಾದರೆ ಎಲುಬು ಮೆತ್ತಗಾಗುತ್ತದೆ. ನೋವಿಲ್ಲದ್ದರಿಂದ ಮನುಷ್ಯ ನಡೆಯುತ್ತಲೇ ಇರುತ್ತಾನೆ. ನಡೆದಷ್ಟೂ ಎಲುಬು ಮುರಿಯುತ್ತದೆ, ಕೀಲು ಜಾರುತ್ತದೆ. ಕೊನೆಗೆ ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದ ಹಾಗೆ ಉಬ್ಬುತ್ತದೆ. ಆಮೇಲೆ ಆ ಉಬ್ಬಿನ ಮೇಲೆ ಹುಣ್ಣು. ಇದಕ್ಕೆ ಶಾರ್ಕೋ ಪಾದ ಅನ್ನುತ್ತಾರೆ. ಫ್ರಾನ್ಸಿನ ನರವೈದ್ಯ ಶಾರ್ಕೋ 1868ರಲ್ಲಿ ಕೀಲು ಹೀಗೆ ಹಾಳಾಗುವುದನ್ನು ವಿವರಿಸಿದಾಗ ಅವರ ಮುಂದೆ ಇದ್ದವರು ಲೈಂಗಿಕ ಸೋಂಕಾದ ಸಿಫಿಲಿಸ್‌ನಿಂದ ನರ ಕೆಟ್ಟವರು. ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ ಅನ್ನುವುದು ದಾಖಲಾಗಿದ್ದು 1936ರಲ್ಲಿ.

ಪತ್ರ ಓದಿ ಇದು ಅದೇ ಅಂತ ನಾನು ಹೇಳಲಾರೆ. ಸೋಂಕು ಇರಬಹುದು, ಗೌಟ್ ಇರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಯಾವುದಾದರೂ ಕಾಯುವ ವಿಷಯ ಅಲ್ಲ. ಹೊರಡುವ ಮುಂಚೆ ಎರಡು ನಿಮಿಷದಲ್ಲಿ ನೀವೇ ಎರಡು ಪರೀಕ್ಷೆ ಮಾಡಬಹುದು. ನಿಮ್ಮ ಅಂಗೈಯ ಹಿಂಭಾಗವನ್ನು ಅವರ ಒಂದು ಪಾದದ ಮೇಲಿಡಿ, ತಕ್ಷಣ ಇನ್ನೊಂದರ ಮೇಲಿಡಿ. ಊದಿದ ಪಾದ ಎದ್ದು ಕಾಣುವಷ್ಟು ಬಿಸಿ ಇದೆಯಾ? ಎರಡೂ ಪಾದದ ನಡುವೆ 2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಡಾಕ್ಟರುಗಳಿಗೆ ಅನುಮಾನ ಬರುತ್ತದೆ. ಆಮೇಲೆ ಅವರಿಗೆ ಕಣ್ಣು ಮುಚ್ಚಲು ಹೇಳಿ. ಹೆಬ್ಬೆರಳು, ನಡುಬೆರಳು, ಕಿರುಬೆರಳು, ಇವುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡ ಅಥವಾ ಬಲ ಅಂತ ಅವರು ಹೇಳಬೇಕು. ಎರಡೂ ಪಾದ ಸೇರಿ ಆರು ಜಾಗ. ಅದರಲ್ಲಿ ಎರಡೋ ಜಾಸ್ತಿಯೋ ತಪ್ಪಿದರೆ ಪಾದದ ಸ್ಪರ್ಶ ಕಮ್ಮಿಯಾಗಿದೆ ಅಂತ ಅರ್ಥ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಲ್ಲಿ ಬಳಕೆಗೆ ಬಂದ ಪರೀಕ್ಷೆ ಇದು. ಯಾವ ಉಪಕರಣವೂ ಬೇಡ. ಬೆರಳುಗಳ ಸಂದಿ ಮತ್ತು ಅಂಗಾಲನ್ನೂ ಒಮ್ಮೆ ನೋಡಿಬಿಡಿ. ಗಾಯ ಇದ್ದರೆ, ಜ್ವರ ಇದ್ದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಿ.

ಅಲ್ಲಿ ನಾಚಿಕೆ ಬಿಟ್ಟು ಕೇಳಿ: "ಇದು ಶಾರ್ಕೋ ಇರಬಹುದಾ?" ಶುರುವಿನಲ್ಲಿ ಎಕ್ಸ್‌ರೇ ಪೂರ್ತಿ ಸರಿಯಾಗಿ ಕಾಣಬಹುದು, ಎಂಆರ್‌ಐಯಲ್ಲಿ ಮಾತ್ರ ಗೊತ್ತಾಗಬಹುದು. ಇದನ್ನು ಉಳುಕು ಅಂತ ತಿಳಿದು ಮನೆಗೆ ಕಳಿಸುವುದು ಎಲ್ಲ ಕಡೆಯೂ ನಡೆಯುತ್ತದೆ. ಶಾರ್ಕೋ ಅಂತಾದರೆ ಚಿಕಿತ್ಸೆ ಔಷಧಿಗಿಂತ ಹೆಚ್ಚಾಗಿ ಭಾರ ಇಳಿಸುವುದು. ಮಂಡಿಯ ಕೆಳಗಿನವರೆಗೆ ಕಾಲಿಗೆ ಹೊಂದಿ ಕೂರುವ ಪ್ಲಾಸ್ಟರ್ ಕಟ್ಟು ಹಾಕುತ್ತಾರೆ. ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೆ ಬೇಗ ಸಿಕ್ಕಿದರೆ ಪಾದದ ಆಕಾರ ಉಳಿಯುತ್ತದೆ.

ಈಗ ನಿಮ್ಮ ಎಡಗಾಲು. ಇಲ್ಲೂ ನೋವು ನಿಮಗೆ ಮೋಸ ಮಾಡಿದೆ. ಅಮ್ಮನ ಕಾಲಿನಲ್ಲಿ ಬರಬೇಕಾದ ನೋವು ಬರಲಿಲ್ಲ. ನಿಮ್ಮ ಕಾಲಿನಲ್ಲಿ ಬಂದದ್ದು ಬೇಗ ಹೋಯಿತು. ಹೋದ ಕೂಡಲೇ ವಾಸಿಯಾಯಿತು ಅಂದುಕೊಂಡಿರಿ.

ಹೊರಗಿನ ಗಿಣ್ಣಿನ ತುದಿಯ ಮೇಲೆ ಬೆರಳಿಡಿ. ಅಲ್ಲಿಂದ ಕಿರುಬೆರಳ ಕಡೆಗೆ ಒಂದು ಬೆರಳಗಲ ಜಾರಿಸಿ. ಮೆತ್ತನೆಯ ಒಂದು ತಗ್ಗು ಸಿಗುತ್ತದೆ. ಮೊದಲ ಸಲ ಉಳುಕಿದಾಗ ಊತ ಶುರುವಾಗಿದ್ದು ಅಲ್ಲೇ ಇರಬೇಕು, ಅಲ್ವಾ? ಗಿಣ್ಣಿನ ಹೊರಬದಿಯಲ್ಲಿ ಎಲುಬಿಗೆ ಎಲುಬನ್ನು ಕಟ್ಟಿ ಹಿಡಿದಿಡುವ ಲಿಗಮೆಂಟ್‌ಗಳು ಮೂರು. ಮುಂದೊಂದು, ಕೆಳಗೊಂದು, ಹಿಂದೊಂದು. ಪಾದ ಒಳಕ್ಕೆ ಹೊರಳಿದಾಗ ಮೊದಲು ಹರಿಯುವುದು ಮುಂದಿನದು, ಆ ತಗ್ಗಿನ ಕೆಳಗೆ ಇರುವುದು. ಹತ್ತು ದಿನದಲ್ಲಿ ಊತ ಇಳಿಯಬಹುದು. ಲಿಗಮೆಂಟ್ ಗಟ್ಟಿಯಾಗಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕು.

ಆದರೆ ನಿಮ್ಮ ತೊಂದರೆ ಬರೀ ಸಡಿಲಾದ ಲಿಗಮೆಂಟ್ ಅಲ್ಲ. ಲಿಗಮೆಂಟ್ ಅಂದರೆ ಹಗ್ಗ ಅಂತ ಎಲ್ಲರೂ ಹೇಳುತ್ತೇವೆ, ನಾನೂ ಹೇಳುತ್ತಿದ್ದೆ. ಅದರೊಳಗೆ ನರದ ತುದಿಗಳೂ ಇವೆ. ಪಾದ ಈಗ ಯಾವ ಕೋನದಲ್ಲಿದೆ, ಎಷ್ಟು ವೇಗದಲ್ಲಿ ವಾಲುತ್ತಿದೆ ಅನ್ನುವ ಸುದ್ದಿಯನ್ನು ಅವು ಮೇಲಕ್ಕೆ ಕಳಿಸುತ್ತಿರುತ್ತವೆ. ಹಗ್ಗ ಹರಿದಾಗ ಆ ಸುದ್ದಿಯೂ ಕೆಡುತ್ತದೆ. 1965ರಲ್ಲಿ ಬ್ರಿಟನ್ನಿನ ಫ್ರೀಮನ್ ಅನ್ನುವ ವೈದ್ಯರು ಇದನ್ನೇ ಹೇಳಿದರು. ಕಾಲು ಉಳುಕಿಸಿಕೊಂಡವರಲ್ಲಿ ಅನೇಕರಿಗೆ ಆ ಕಾಲಿನ ಮೇಲೆ ಒಂಟಿಯಾಗಿ ನಿಲ್ಲಲು ಆಗುತ್ತಿರಲಿಲ್ಲ. ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಮಾಡಿಸಿದಾಗ ಕಾಲು ಕೈಕೊಡುವುದು ಕಮ್ಮಿಯಾಯಿತು. ಆಮೇಲೆ ಬಂದ ತಿಳುವಳಿಕೆ ಇದಕ್ಕೆ ಇನ್ನಷ್ಟು ಸೇರಿಸಿದೆ. ಸೊಂಟದ ಸ್ನಾಯುಗಳು ಕೆಲಸ ಮಾಡುವ ರೀತಿಯೂ ಬದಲಾಗುತ್ತದೆ. ಕಾಲು ಇಡುವ ಮುಂಚೆ ಮಿದುಳು ಮಾಡುವ ತಯಾರಿಯೂ ಬದಲಾಗುತ್ತದೆ.

ಈ ತಯಾರಿ ಅನ್ನುವುದೇ ಮುಖ್ಯ. ಕಾಲು ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹೊರಳಿದ ಸುದ್ದಿ ಮೇಲೆ ಹೋಗಿ, ಹೊರಬದಿಯ ಸ್ನಾಯು ಬಿಗಿದು ಪಾದವನ್ನು ವಾಪಸ್ ಎಳೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ಪಾದ ನೆಲ ಮುಟ್ಟುವ ಮುಂಚೆಯೇ ಆ ಸ್ನಾಯು ಬಿಗಿದಿರಬೇಕು, ಪಾದ ಸರಿಯಾದ ಕೋನದಲ್ಲಿರಬೇಕು. ವಿಶ್ರಾಂತಿ ಇದನ್ನು ಕಲಿಸುವುದಿಲ್ಲ, ಐಸೂ ಕಲಿಸುವುದಿಲ್ಲ. ಮೊದಲ ಉಳುಕಿನ ನಂತರ ಹೀಗೆ ಅಸ್ಥಿರವಾಗಿ ಉಳಿದುಬಿಡುವ ಕಾಲುಗಳ ಪ್ರಮಾಣ ಕೆಲವು ಅಧ್ಯಯನಗಳಲ್ಲಿ ಶೇ 40ರ ಹತ್ತಿರ ಇದೆ. "ಬರೀ ಉಳುಕು ತಾನೇ" ಅನ್ನುವ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ. ನಾನೂ ಓದುವ ದಿನಗಳಲ್ಲಿ ಹಾಗೇ ಅಂದುಕೊಂಡು ಹನ್ನೊಂದನೇ ದಿನ ವಾಲಿಬಾಲ್ ಆಡಲು ಹೊರಟಿದ್ದೆ. ಅಂಗಳ ತಲುಪಲೇ ಇಲ್ಲ. ಮೆಟ್ಟಿಲ ಮೇಲೇ ಇನ್ನೊಮ್ಮೆ ಹೊರಳಿತು.

ಈಗ ಒಂದು ಕೆಲಸ ಮಾಡಿ. ಗೋಡೆಯ ಪಕ್ಕ ಬರಿಗಾಲಲ್ಲಿ ನಿಲ್ಲಿ, ಕೈ ಕಟ್ಟಿಕೊಂಡು ಬಲಗಾಲಿನ ಮೇಲೆ ಮಾತ್ರ ನಿಲ್ಲಿ. ಅರ್ಧ ನಿಮಿಷ. ಆಮೇಲೆ ಎಡಗಾಲು. ನಿಂತಾಗ ಪಾದವನ್ನೇ ನೋಡಿ. ಹೊರಗಿಣ್ಣಿನ ಹಿಂದೆ ಒಂದು ದಪ್ಪ ದಾರ ಎದ್ದು ಕುಣಿಯುತ್ತಿರುತ್ತದೆ. ಅದನ್ನು ಎಲ್ಲರೂ ನರ ಅನ್ನುತ್ತಾರೆ. ನರ ಅಲ್ಲ, ಹೊರಬದಿಯ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿ. ಪಾದದ ಒಳ ಅಂಚು ಎದ್ದು ಎದ್ದು ಬೀಳುತ್ತದಾ, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವಾ, ನೋಡಿ. ಇನ್ನೊಮ್ಮೆ ಕಣ್ಣು ಮುಚ್ಚಿ ಮಾಡಿ. ಎರಡು ಕಾಲಿನ ನಡುವೆ ಎಷ್ಟು ವ್ಯತ್ಯಾಸ ಅಂತ ನಿಮಗೇ ಆಶ್ಚರ್ಯವಾದರೆ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ಅಳತೆ ಇದೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಪಾದವನ್ನು ಸ್ವಲ್ಪಸ್ವಲ್ಪ ಹಿಂದಕ್ಕೆ ಸರಿಸುತ್ತಾ ಹೋಗಿ. ಹಿಮ್ಮಡಿ ಏಳುವ ಮುಂಚಿನ ಕೊನೆಯ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಸೆಂಟಿಮೀಟರ್ ಅಂತ ಸ್ಕೇಲ್ ಇಟ್ಟು ನೋಡಿ. ಎಡಗಾಲಿನದ್ದು 2 ಸೆಂಟಿಮೀಟರ್ ಕಮ್ಮಿ ಇದ್ದರೆ ನಿಮ್ಮ ಕೀಲು ಇನ್ನೂ ಬಿಗಿಯಾಗಿದೆ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ವಿಚಿತ್ರ ಅನಿಸಿದರೂ ಇದು ಒಟ್ಟೊಟ್ಟಿಗೇ ಇರುತ್ತದೆ. ಬಿಗಿ ಇದ್ದರೆ ಇದೇ ಪರೀಕ್ಷೆಯನ್ನು ದಿನಾ ವ್ಯಾಯಾಮವಾಗಿ ಮಾಡಿ.

ಉಳಿದ ವ್ಯಾಯಾಮ ದೊಡ್ಡದೇನಲ್ಲ. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಮೀರದ ಹಾಗೆ, 8 ವಾರ. ನೆದರ್ಲೆಂಡ್ಸ್‌ನಲ್ಲಿ ಐನೂರಕ್ಕೂ ಹೆಚ್ಚು ಆಟಗಾರರ ಮೇಲೆ ಇದನ್ನು ನೋಡಿದ್ದಾರೆ. 2009ರಲ್ಲಿ ಪ್ರಕಟವಾಯಿತು. ಮನೆಯಲ್ಲೇ, ಯಾರ ಉಸ್ತುವಾರಿಯೂ ಇಲ್ಲದೆ 8 ವಾರ ಸಮತೋಲನದ ಅಭ್ಯಾಸ ಮಾಡಿದವರಲ್ಲಿ ಮತ್ತೆ ಉಳುಕುವುದು ಸುಮಾರು ಮೂರನೇ ಒಂದರಷ್ಟು ಕಮ್ಮಿಯಾಗಿತ್ತು. ಅವರಿಗೆ ಸಿಕ್ಕಿದ್ದ ಬೇರೆ ಚಿಕಿತ್ಸೆ ಏನೇ ಇರಲಿ.

ಶುರು ಹೀಗೆ: ಹಲ್ಲುಜ್ಜುವಾಗ ಎಡಗಾಲ ಮೇಲೆ ನಿಲ್ಲಿ. ಇದು ಸುಲಭವಾದ ಮೇಲೆ ಒಂಟಿಕಾಲಲ್ಲಿ ನಿಂತು ಗೋಡೆಗೆ ಚೆಂಡು ಎಸೆದು ಹಿಡಿಯಿರಿ. ಗಮನ ಪಾದದ ಮೇಲಿಂದ ಚೆಂಡಿನ ಕಡೆಗೆ ಹೋಗಬೇಕು, ಯಾಕೆಂದರೆ ಆಟದಲ್ಲಿ ನೀವು ಪಾದ ನೋಡುವುದಿಲ್ಲ. ಆಮೇಲೆ ದಿಂಬಿನ ಮೇಲೆ. ಜೊತೆಗೆ ಒಂಟಿಕಾಲಲ್ಲಿ ತುದಿಗಾಲೇರಿ ನಿಧಾನಕ್ಕೆ ಇಳಿಯುವುದು, ರಬ್ಬರ್ ಬ್ಯಾಂಡ್ ಸಿಕ್ಕಿಸಿ ಪಾದವನ್ನು ಹೊರಕ್ಕೆ ತಳ್ಳುವುದು. ಬಲಗಾಲಿನಲ್ಲಿ ಎಷ್ಟು ಸಲ ಆಗುತ್ತದೋ ಎಡಗಾಲಿನಲ್ಲೂ ಅಷ್ಟಾಗಬೇಕು. ಮೂರ್ನಾಲ್ಕು ವಾರದ ನಂತರ ಜಿಗಿತ. ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಜಿಗಿದು ಇಳಿದ ಮೇಲೆ ಮೂರು ಸೆಕೆಂಡು ಅಲುಗದೆ ನಿಲ್ಲಬೇಕು. ಜಿಗಿಯುವುದು ಯಾರಿಗಾದರೂ ಬರುತ್ತದೆ, ನಿಲ್ಲುವುದೇ ಕಷ್ಟ. ಕೊನೆಯ ಎರಡು ವಾರ ಬ್ಯಾಡ್ಮಿಂಟನ್ನಿನದೇ ಹೆಜ್ಜೆಗಳು. ಅಂಗಳದ ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಗೆ ಹೋಗಿ, ತಿರುಗುತ್ತಾ ಜಿಗಿದು ಒಂದು ಕಾಲಿನ ಮೇಲೆ ಇಳಿಯುತ್ತೀರಲ್ಲ, ಅದು. ಬಲಗೈ ಆಟಗಾರರು ಅಲ್ಲಿ ಎಡಗಾಲಿನ ಮೇಲೇ ಇಳಿಯುತ್ತಾರೆ. ನಿಮ್ಮದು ಬಲಗೈ ಅಂತ ನನ್ನ ಊಹೆ.

ಆಡುವಾಗ ಕನಿಷ್ಠ ಒಂದು ವರ್ಷ ಲೇಸ್ ಕಟ್ಟುವ ಆಂಕಲ್ ಬ್ರೇಸ್ ಹಾಕಿ. ಒಮ್ಮೆ ಉಳುಕಿದವರಿಗೆ ಇದರಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ. ಸ್ನಾಯು ಸೋಮಾರಿಯಾಗುತ್ತದೆ ಅನ್ನುವ ಭಯ ಬೇಡ, ಆಟದ ಹೊತ್ತಿಗೆ ಮಾತ್ರ ತಾನೇ ಹಾಕುವುದು. ಕ್ರೇಪ್ ಬ್ಯಾಂಡೇಜ್‌ಗೆ ಈ ಶಕ್ತಿ ಇಲ್ಲ. ಟೇಪ್ ಒಳ್ಳೆಯದೇ, ಆದರೆ ಆಟ ಶುರುವಾಗಿ ಅರ್ಧ ಗಂಟೆಯೊಳಗೆ ಬಹಳಷ್ಟು ಸಡಿಲಾಗುತ್ತದೆ. ಇನ್ನೊಂದು ಮಾತು, ನೀವು ಕೇಳದೆ ಹೇಳುತ್ತಿದ್ದೇನೆ: ಓಟದ ಶೂ ಹಾಕಿಕೊಂಡು ಬ್ಯಾಡ್ಮಿಂಟನ್ ಆಡಬೇಡಿ. ಅದರ ದಪ್ಪ ಅಟ್ಟೆ ಮುಂದಕ್ಕೆ ಓಡಲು ಮಾಡಿದ್ದು. ಪಕ್ಕಕ್ಕೆ ಸರಿದಾಗ ಎತ್ತರದ ಮೆತ್ತೆಯ ಮೇಲಿಂದ ಕಾಲು ಉರುಳುತ್ತದೆ.

ಆಪರೇಷನ್ ಈಗ ಬೇಡ. ಮೂರರಿಂದ ಆರು ತಿಂಗಳು ಇದನ್ನೆಲ್ಲ ಸರಿಯಾಗಿ ಮಾಡಿಯೂ ಕಾಲು ಕೈಕೊಡುತ್ತಿದ್ದರೆ ಆ ಮಾತು. ಹರಿದ ಲಿಗಮೆಂಟನ್ನೇ ಬಿಗಿದು ಹೊಲಿಯುವ ವಿಧಾನವನ್ನು ಸ್ವೀಡನ್ನಿನ ಬ್ರಾಸ್ಟ್ರಮ್ 1966ರಲ್ಲಿ ವಿವರಿಸಿದರು. ಸುಧಾರಣೆಗಳ ಜೊತೆ ಇವತ್ತಿಗೂ ಅದೇ ನಡೆಯುತ್ತಿದೆ, ಫಲಿತಾಂಶವೂ ಚೆನ್ನಾಗಿದೆ. ಆಪರೇಷನ್ ಆದ ಮೇಲೂ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಯಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಕೀಲಿನ ಒಳಗೆ ಆಳದಲ್ಲಿ ನೋವು, ಆಗಾಗ ಊತ, ನಡುನಡುವೆ ಕೀಲು ಸಿಕ್ಕಿಹಾಕಿಕೊಂಡ ಹಾಗೆ ಆಗುವುದು ಇದ್ದರೆ ಕಾಯದೆ ಎಂಆರ್‌ಐ ಮಾಡಿಸಬೇಕು. ಉಳುಕಿದಾಗ ಒಳಗಿನ ಎಲುಬಿನ ಮೃದ್ವಸ್ಥಿ, ಅಂದರೆ ಎಲುಬಿನ ಮೇಲಿನ ನುಣುಪಾದ ಹೊದಿಕೆ, ಚೂರಾಗಿರುವುದುಂಟು.

ಮತ್ತೆ ಉಳುಕಿದರೆ? ಪ್ರತಿ ಸಲ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಒಂದು ಸರಳ ನಿಯಮ ಮಾಡಿದರು, ಈಗ ಜಗತ್ತಿನೆಲ್ಲೆಡೆ ಬಳಸುತ್ತಾರೆ. ಎರಡೂ ಗಿಣ್ಣಿನ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ವರೆಗೆ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬನ್ನೂ, ಒಳಬದಿಯಲ್ಲಿ ಕಮಾನಿನ ಮೇಲಿನ ಎಲುಬನ್ನೂ ಒತ್ತಿ. ಎಲುಬಿನ ಮೇಲೇ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ. ಹೊರ ಅಂಚಿನ ಆ ಎಲುಬಿಗೆ ಒಂದು ಕಥೆಯಿದೆ. ಬ್ರಿಟನ್ನಿನ ಸರ್ಜನ್ ರಾಬರ್ಟ್ ಜೋನ್ಸ್ ಕುಣಿಯುವಾಗ ತಮ್ಮದೇ ಎಲುಬು ಮುರಿದುಕೊಂಡರು. 1902ರಲ್ಲಿ ಅದರ ಬಗ್ಗೆ ಬರೆದರು. ಇವತ್ತಿಗೂ ಅದು ಜೋನ್ಸ್ ಮುರಿತ. ಈ ಒಟ್ಟಾವಾ ನಿಯಮ ನಿಮಗೆ ಸರಿ, ಅಮ್ಮನಿಗೆ ನಡೆಯುವುದಿಲ್ಲ. ಮರಗಟ್ಟಿದ ಪಾದವನ್ನು ಒತ್ತಿ "ನೋಯುತ್ತಾ" ಅಂತ ಕೇಳಿ ಪ್ರಯೋಜನವೇನು?

ಮೊದಲ ದಿನಗಳ ಆರೈಕೆಯೂ ಬದಲಾಗಿದೆ. ವಿಶ್ರಾಂತಿ, ಐಸ್, ಬಿಗಿ ಕಟ್ಟು, ಕಾಲು ಎತ್ತರಕ್ಕಿಡುವುದು, ಈ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್. ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಅಂತ 2014ರಲ್ಲಿ ಅವರೇ ಬರೆದರು. ನೋವು ತಡೆಯದಿದ್ದರೆ ಸ್ವಲ್ಪ ಹೊತ್ತು ಐಸ್ ಇಡಿ. ಎರಡು ಮೂರು ದಿನ ಕಾಲಿಗೆ ಬಿಡುವು ಕೊಡಿ. ಎಲುಬು ಮುರಿದಿಲ್ಲ ಅಂತ ಗೊತ್ತಾದ ಮೇಲೆ ನೋವು ಸಹಿಸುವಷ್ಟು ನಡೆಯಲು ಶುರುಮಾಡಿ. ಹತ್ತು ದಿನ ಸುಮ್ನೆ ಮಲಗಬೇಡಿ.

ಮಗನ ಬಗ್ಗೆ ಚಿಂತೆ ಬಿಡಿ. ಐದು ವರ್ಷದ ಮಕ್ಕಳಲ್ಲಿ ಪಾದ ಚಪ್ಪಟೆ ಕಾಣುವುದು ಮಾಮೂಲಿ. ಕಮಾನು ಮೂಡುತ್ತಾ ಹೋಗುವುದು ಹತ್ತು ವರ್ಷದ ಆಸುಪಾಸಿನವರೆಗೂ ನಡೆಯುತ್ತದೆ. ಅವನನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಳಬದಿಯಲ್ಲಿ ಕಮಾನು ಎದ್ದು, ಹಿಮ್ಮಡಿ ಒಳಕ್ಕೆ ತಿರುಗಿದರೆ ಪಾದ ಸರಿಯಾಗಿದೆ. ಶೂ ಒಳಗೆ ಇಡುವ ಮೆತ್ತೆಗಳು ಕಮಾನನ್ನು ಬೆಳೆಸುವುದಿಲ್ಲ. ಅವನು ನೋವು ಅಂತ ಹೇಳಿದರೆ, ಪಾದ ಗಡುಸಾಗಿದ್ದರೆ, ಒಂದು ಕಡೆ ಮಾತ್ರ ಚಪ್ಪಟೆ ಇದ್ದರೆ ತೋರಿಸಿ. ನಿಮ್ಮ ಉಳುಕು ಅವನಿಗೆ ಬಳುವಳಿಯಾಗಿ ಬರುವುದಿಲ್ಲ. ಅವನು ಬೆಳೆದು ಆಡಲು ಹೋಗುವ ವಯಸ್ಸಿನಲ್ಲಿ ಕಾಲು ತಿರುಚಿಕೊಂಡರೆ ಮಾತ್ರ ಹುಷಾರು. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ, ಏಟು ಕೆಲವೊಮ್ಮೆ ಅಲ್ಲಿಗೇ ಬಿದ್ದಿರುತ್ತದೆ.

ಕೊನೆಗೆ ಅಮ್ಮನ ವಿಷಯಕ್ಕೇ ಬರುತ್ತೇನೆ. ಪಾದ ತಣ್ಣಗಾಗಿ, ಡಾಕ್ಟರು ನಡೆಯಬಹುದು ಅಂದ ಮೇಲಿನ ಮಾತು ಇದು. ಮರಗಟ್ಟಿದ ಪಾದದವರು ಬೀಳುವುದೂ ಜಾಸ್ತಿ. ಪಾದ ನೋಯುತ್ತಿದ್ದ ಹಿರಿಯರಿಗೆ ಆಸ್ಟ್ರೇಲಿಯಾದಲ್ಲಿ ಪಾದದ ವ್ಯಾಯಾಮ, ಸರಿಯಾದ ಶೂ ಮತ್ತು ಅದರೊಳಗಿನ ಮೆತ್ತೆಗಳನ್ನು ಒಟ್ಟಾಗಿ ಕೊಟ್ಟು ನೋಡಿದ್ದರು. 2011ರ ಆ ಅಧ್ಯಯನದಲ್ಲಿ ಬೀಳುವುದು ಶೇ 36ರಷ್ಟು ಕಮ್ಮಿಯಾಗಿತ್ತು. ಅಮ್ಮನಿಗೆ ಯಾವ ವ್ಯಾಯಾಮ ಅನ್ನುವುದನ್ನು ಡಾಕ್ಟರೇ ಹೇಳಬೇಕು, ನಿಮ್ಮ ಜಿಗಿತಗಳನ್ನು ಅವರಿಗೆ ಕಲಿಸಬೇಡಿ. ಮನೆಯೊಳಗೂ ಬರಿಗಾಲು ಬೇಡ, ಹಿಂಬದಿಯಿಲ್ಲದ ಚಪ್ಪಲಿಯೂ ಬೇಡ. ಹಿಮ್ಮಡಿಯನ್ನು ಹಿಡಿದಿಡುವ, ಬೆರಳುಗಳಿಗೆ ಅಗಲ ಜಾಗ ಇರುವ ಶೂ ಇರಲಿ. ಹಾಕುವ ಮುಂಚೆ ಪ್ರತಿ ಸಲ ಶೂ ಒಳಗೆ ಕೈ ಹಾಕಿ ತಡವಬೇಕು, ಕಲ್ಲು ಸಿಕ್ಕಿದ್ದರೆ ಕಾಲಿಗೆ ಗೊತ್ತಾಗುವುದಿಲ್ಲ. ಬಲಗಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿದರೆ ಅಷ್ಟೂ ದಿನ ಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ. ಆ ಎಡ ಅಂಗಾಲನ್ನು ದಿನಾ ರಾತ್ರಿ ನೀವೇ ದೀಪದ ಬೆಳಕಿನಲ್ಲಿ ನೋಡಿ, ಬಿಸಿ ಇದೆಯಾ ಅಂತ ಮುಟ್ಟಿ ನೋಡಿ.